ಪಿಪಿಟಿ ಬಿಟ್ಟು ಫ್ಯಾನ್ ತಗೊಂಡೋಗಿ

ಕಳೆದ ತಿಂಗಳ ಅಂಕಣದಲ್ಲಿ, ಇಂಜಿನಿಯರ್‌ಗಳು ವರ್ಷಕ್ಕೆ ನಾಲ್ಕು ದಿನ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳ ಜೊತೆ ಕೂತ್ಕೊಂಡ್ರೆ ಒಳ್ಳೇದು ಅಂತ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಹೊಗಳಿಕೆ, ಬೈಗುಳ, ಒಂದಿಬ್ರು ಕೆಲಸ ಕೊಡ್ಸಿ ಅಂತಾನೂ ಕೇಳಿದ್ದಾರೆ (ನಾನು ರಿಟೈರ್ ಆಗಿ ಆರು ವರ್ಷ ಆಯ್ತಪ್ಪ, ನನ್ನ ಮಾತು ನಮ್ಮನೇಲೇ ನಡೆಯಲ್ಲ). ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮೇಡಮ್, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಕಂಪನಿಯಿಂದ ಒಂದು ಹೈಸ್ಕೂಲಿಗೆ ಹೋಗಿದ್ವಿ, ಎಂಟು ಒಂಬತ್ತನೇ ಕ್ಲಾಸು. ಎರಡು ದಿನ ರಾತ್ರಿ ಕೂತು 40 ಸ್ಲೈಡಿನ ಪಿಪಿಟಿ ಮಾಡಿದ್ದೆ, ರೋಬೋಟು, ಎಐ, ರಾಕೆಟ್ಟು ಎಲ್ಲಾ ಇತ್ತು. ಮಕ್ಕಳು ಕೈಕಟ್ಕೊಂಡು ಕೂತಿದ್ರು, ಡೌಟ್ಸ್ ಇದ್ಯಾ ಅಂದ್ರೆ ಯಾರೂ ಮಾತಾಡ್ಲಿಲ್ಲ, ಕೊನೆಗೆ ಒಬ್ಬ ಎದ್ದು "ಸಾರ್ ನಿಮ್ ಸಂಬ್ಳ ಎಷ್ಟು" ಅಂದ. ಮೇಷ್ಟ್ರು ಅವನನ್ನ ಬೈದು ಕೂರಿಸಿದ್ರು. ನಾನೆಲ್ಲಿ ತಪ್ಪಿದೆ?
— ಓದುಗ, ಬೆಂಗಳೂರು

ಉತ್ತರ: ಮೊದಲು ಆ ಹುಡುಗನ ವಿಷಯ. ಇಡೀ ಕ್ಲಾಸಲ್ಲಿ ಕೆಲಸಕ್ಕೆ ಬರೋ ಪ್ರಶ್ನೆ ಕೇಳಿದವನು ಅವನೊಬ್ಬನೇ ಕಣ್ರೀ. ಅವನ ಮನೇಲಿ ಕೂಲಿ ಲೆಕ್ಕ ದಿನಕ್ಕಿಷ್ಟು ಅಂತ ಇರುತ್ತೆ, ಈ ಮನುಷ್ಯ ಕಾರಲ್ಲಿ ಬಂದಿದ್ದಾನೆ, ಇವನಿಗೆ ದುಡ್ಡು ಯಾರು ಕೊಡ್ತಾರೆ ಯಾತಕ್ಕೆ ಕೊಡ್ತಾರೆ ಅಂತ ತಿಳ್ಕೊಳೋದು ಅವನ ಹಕ್ಕು. ಹೇಳ್ಬೇಕಿತ್ತು. ಸೇರಿದಾಗ ಎಷ್ಟಿತ್ತು, ಈಗೆಷ್ಟು, ಅದ್ರಲ್ಲಿ ಎಜುಕೇಶನ್ ಲೋನ್ ತೀರ್ಸೋಕೆ ಎಷ್ಟು ವರ್ಷ ಹಿಡೀತು, ಎಲ್ಲಾ.

ಇನ್ನು ನಿಮ್ಮ ತಪ್ಪು ಅಂತಲ್ಲ, ಅದೇ ತಪ್ಪು ನಾನೂ ಮಾಡಿದ್ದೆ. ನಾನು ಕರೆಂಟ್ ಇಲಾಖೇಲಿ ಇದ್ದವಳು. ಮೊದಲ ಸಲ ಶಾಲೆಗೆ ಹೋಗಿದ್ದು ಸೆಪ್ಟೆಂಬರ್ 15, ಇಂಜಿನಿಯರ್ಸ್ ಡೇ, ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಊದಿನಕಡ್ಡಿ, ಆಮೇಲೆ ನನ್ನ ಭಾಷಣ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರು ಮಾಡಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ್ರು, 1905ಕ್ಕೆ ಬೆಂಗಳೂರಿಗೆ ಬೀದಿ ದೀಪ ಬಂತು ಅಂತೆಲ್ಲ ಜೋರಾಗಿ ಹೇಳಿದೆ. ಮಕ್ಕಳು ಆಕಳಿಸ್ತಿದ್ರು. ನಡುವೆ ಮಾತಿಗೆ ಅಂತ "ಟಿಸಿ ಒಳಗೆ ಏನಿರುತ್ತೆ ಹೇಳಿ" ಅಂದೆ, ನನ್ನ ತಲೇಲಿ ಇದ್ದಿದ್ದು ಊರಾಚೆ ಕಂಬದ ಮೇಲಿರೋ ಟ್ರಾನ್ಸ್‌ಫಾರ್ಮರು, ಎದುರಿಗಿದ್ದ ಹುಡುಗಿ ತಟ್ಟಂತ "ಹುಟ್ಟಿದ ತಾರೀಕು, ಜಾತಿ ಇರುತ್ತೆ ಮಿಸ್" ಅಂದ್ಳು. ಶಾಲೇಲಿ ಟಿಸಿ ಅಂದ್ರೆ ಹೆಡ್ ಮಾಸ್ಟರ್ ಕೊಡೋ ಟಿಸಿನೇ ತಾನೆ! ಎಲ್ಲಾ ನಕ್ಕರು, ನಾನೂ ನಕ್ಕೆ, ಆಗ ನೋಡಿ ಕ್ಲಾಸು ಎದ್ದು ಕೂತಿದ್ದು.

ಆಗ್ಲೇ ಹಿಂದಿನ ಬೆಂಚಿಂದ ಒಬ್ಬ ಕೇಳ್ದ, "ಮಿಸ್, ತ್ರೀ ಫೇಸ್ ಇಲ್ದಾಗ ನಮ್ಮಪ್ಪ ಕಂಡೆನ್ಸರ್ ಹಾಕಿ ಮೋಟ್ರು ಓಡಿಸ್ತಾರೆ, ಅದು ಹೆಂಗೆ ಓಡುತ್ತೆ?" ನನಗೆ ಉತ್ತರ ಗೊತ್ತು, ಆದ್ರೆ ಹದಿಮೂರು ವರ್ಷದವನಿಗೆ ಹೇಳೋ ಭಾಷೆ ನನ್ನತ್ರ ಇರ್ಲಿಲ್ಲ. ಬೋರ್ಡ್ ಮೇಲೆ ಏನೋ ಗೀಚಿದೆ, ಸೈನ್ ವೇವ್ ಅಂದೆ, ಅವನು ಪಾಪ ತಲೆ ಆಡಿಸಿದ. ಕೊನೆಗೆ "ಮುಂದಿನ ಶನಿವಾರ ಬಂದು ಹೇಳ್ತೀನಿ" ಅಂದು ತಪ್ಪಿಸ್ಕೊಂಡು ಬಂದೆ.

ಮುಂದಿನ ಶನಿವಾರ ಒಂದು ಹಳೇ ಸೀಲಿಂಗ್ ಫ್ಯಾನ್ ತಗೊಂಡೋದೆ. ಅದ್ರಲ್ಲೂ ಒಂದು ಪುಟ್ಟ ಕಂಡೆನ್ಸರ್ ಇರುತ್ತಲ್ಲ, ಅದನ್ನ ಬಿಚ್ಚಿಟ್ಟು, ಮಕ್ಕಳನ್ನೆಲ್ಲ ದೂರ ನಿಲ್ಲಿಸಿ, ಫ್ಯಾನು ನೇತುಹಾಕ್ಸಿ ಸ್ವಿಚ್ ಹಾಕಿದೆ. ಗುಂಯ್ ಅಂತ ಸದ್ದು ಬರುತ್ತೆ, ತಿರುಗಲ್ಲ. ಒಣ ಬಿದಿರು ಕೋಲಲ್ಲಿ ರೆಕ್ಕೇನ ಬಲಕ್ಕೆ ತಳ್ಳಿದೆ, ಬಲಕ್ಕೆ ತಿರುಗ್ತು. ನಿಲ್ಲಿಸಿ ಎಡಕ್ಕೆ ತಳ್ಳಿದೆ, ಎಡಕ್ಕೆ ತಿರುಗ್ತು! ಆ ಮಕ್ಕಳ ಮುಖ ನೋಡ್ಬೇಕಿತ್ತು ನೀವು. ಅಂದ್ರೆ ಮೋಟ್ರಿಗೆ ಯಾವ ಕಡೆ ಹೋಗ್ಬೇಕು ಅಂತ ಯಾರಾದ್ರೂ ಹೇಳ್ಬೇಕು. ಕಂಡೆನ್ಸರ್ ಹಾಕಿದ್ರೆ ಒಂದು ಸುತ್ತಿನ ಕರೆಂಟು ಇನ್ನೊಂದಕ್ಕಿಂತ ಸ್ವಲ್ಪ ಮುಂಚೆ ಬರುತ್ತೆ, ರಾಗಿಕಲ್ಲಿಗೆ ಇಬ್ರು ಕೂತು ಒಬ್ಬರಾದ ಮೇಲೊಬ್ರು ಕೈ ಕೊಟ್ಟಂಗೆ, ಆಗ ಕಲ್ಲು ಒಂದೇ ಕಡೆ ತಿರುಗುತ್ತೆ. ತ್ರೀ ಫೇಸ್ ಅಂದ್ರೆ ಮೂವರು ಕೂತಂಗೆ. ನಿಮ್ಮಪ್ಪ ಮಾಡೋದು ಏನಪ್ಪಾ ಅಂದ್ರೆ ಮೂರನೆಯವನು ಇಲ್ದಾಗ ಕಂಡೆನ್ಸರ್‌ನ ಮೂರನೆಯವನ ಜಾಗದಲ್ಲಿ ಕೂರಿಸೋದು, ಅವನು ಸರಿಯಾಗಿ ಕೈ ಕೊಡಲ್ಲ, ಭಾರ ಉಳಿದಿಬ್ಬರ ಮೇಲೆ ಬೀಳುತ್ತೆ, ಅದಕ್ಕೇ ಮೋಟ್ರು ಬಿಸಿಯಾಗಿ ಸುಟ್ಟು ರಿವೈಂಡಿಂಗ್ ಅಂಗಡಿ ಸೇರೋದು. ಆ ಹುಡುಗ ಮನೆಗೆ ಹೋಗಿ ಅಪ್ಪನ ಹತ್ರ ಜಗಳ ಆಡಿದ್ನಂತೆ, ಹೆಡ್ ಮಾಸ್ಟರು ಆಮೇಲೆ ಫೋನ್ ಮಾಡಿ ನಗ್ತಾ ಹೇಳಿದ್ರು.

ನೀವು ಸಾಫ್ಟ್‌ವೇರ್‌ನವರು, ನಿಮಗೆ ಬಿಚ್ಚಿ ತೋರ್ಸೋಕೆ ಏನಿದೆ ಅಂತೀರಾ? ರೇಷನ್ ಅಂಗಡಿ ಇದ್ಯಲ್ಲ. ಹೆಬ್ಬೆಟ್ಟು ಒತ್ತಿ ನಿಂತ್ಕೊಳೋದು, "ಸರ್ವರ್ ಇಲ್ಲ ನಾಳೆ ಬನ್ನಿ" ಅನ್ನೋದು ಪ್ರತಿ ಮಗೂಗೂ ಗೊತ್ತು. ಸರ್ವರ್ ಅಂದ್ರೆ ಏನು ಅಂತ ಮಾತ್ರ ಯಾರೂ ಹೇಳಿಲ್ಲ. ಒಬ್ಬನ್ನ ಮೂಲೇಲಿ ಸರ್ವರ್ ಅಂತ ಕೂರಿಸಿ, ಅವನ ಕೈಗೊಂದು ಹೆಸರಿನ ಪಟ್ಟಿ ಕೊಡಿ, ಉಳಿದವರು ಚೀಟೀಲಿ ಹೆಸರು ಬರೆದು ಕಳಿಸ್ಲಿ, ಅವನು ಪಟ್ಟೀಲಿ ಹುಡುಕಿ ಹೂಂ ಅಥವಾ ಊಹೂಂ ಅಂತ ಬರೆದು ವಾಪಸ್ ಕೊಡ್ಲಿ. ಮೊದಲು ಒಬ್ಬೊಬ್ರೇ ಕಳಿಸ್ಲಿ, ಆಮೇಲೆ ನಲವತ್ತು ಜನ ಒಟ್ಟಿಗೆ. ಎರಡೇ ನಿಮಿಷಕ್ಕೆ ಅವನು ಅಳೋ ಹಾಗಾಗ್ತಾನೆ. ಈಗ ಕೇಳಿ, ಇದನ್ನ ಸರಿ ಮಾಡೋದು ಹೆಂಗೆ? ಇನ್ನೊಬ್ಬನ್ನ ಕೂರಿಸೋಣ ಅಂತಾರೆ, ಪಟ್ಟಿನ ಅಕಾರಾದಿ ಮಾಡೋಣ ಅಂತಾರೆ, ಹೆಸರನ್ನ ಎರಡು ಪಟ್ಟಿ ಮಾಡಿ ಹಂಚೋಣ ಅಂತಾರೆ. ನೀವು ಆಫೀಸಲ್ಲಿ ದಿನಾ ಮಾಡೋ ಕೆಲಸ ಅದೇ ತಾನೆ, ಅದನ್ನ ಅವರ ಬಾಯಿಂದಾನೇ ಬರ್ಸಿದ ಮೇಲೆ ಹೇಳಿ, ನನ್ನ ಕೆಲಸ ಇದೇ ಕಣ್ರಪ್ಪಾ ಅಂತ. ಸ್ಲೈಡ್ ಒಂದೂ ಬೇಡ. ಮತ್ತೆ, ಅದೇ ಶಾಲೆಗೆ ಇನ್ನೊಂದು ಸಲ ಹೋಗಿ, ಬೇರೆ ಶಾಲೆ ಹುಡುಕ್ಬೇಡಿ.

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಪ್ರೌಢಶಾಲೆ, ನಾನು ವಿಜ್ಞಾನ ಶಿಕ್ಷಕ. ಕಂಪನಿಯವ್ರು ಬರ್ತಾರ್ರೀ, ಬ್ಯಾಗ್ ಹಂಚ್ತಾರ, ಬ್ಯಾನರ್ ಹಿಡ್ಕೊಂಡು ಫೋಟೋ ತೆಗೀತಾರ, ಹೋಗ್ತಾರ. ಪಾಠದ ಟೈಮ್ ಹೋಗ್ತದ ಅಷ್ಟ. ಬ್ಯಾಡ ಅನ್ನಾಕೂ ಆಗಂಗಿಲ್ಲ. ಏನ್ ಮಾಡೋಣ್ರಿ?
— ಶಿಕ್ಷಕರು, ಕೊಪ್ಪಳ ಜಿಲ್ಲೆ

ಉತ್ತರ: ಬೇಡ ಅನ್ಬೇಡಿ ಸರ್, ಶರತ್ತು ಹಾಕಿ. "ಬ್ಯಾಗ್ ತನ್ನಿ ಸಂತೋಷ, ಜೊತೆಗೆ ನಿಮ್ಮ ಇಬ್ರು ಇಂಜಿನಿಯರ್‌ನ ಈ ವರ್ಷ ಮೂರು ಸಲ ಕಳಿಸ್ತೀವಿ ಅಂತ ತಾರೀಕು ಸಮೇತ ಬರೆದು ಕೊಡಿ" ಅನ್ನಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಇದನ್ನ ನಿರ್ಣಯ ಮಾಡ್ಕೊಂಡ್ರೆ ಮೇಲಿನವರು ಫೋನ್ ಮಾಡಿದಾಗ ನಿಮಗೊಂದು ಆಸರೆ ಇರುತ್ತೆ.

ಆದ್ರೆ ನಾನು ನಿಮ್ಮ ಜಾಗದಲ್ಲಿದ್ರೆ ಬೆಂಗಳೂರಿನವರಿಗೆ ಕಾಯ್ತಾನೇ ಇರ್ಲಿಲ್ಲ. ಇಂಜಿನಿಯರ್ ನಿಮ್ಮ ಸುತ್ತಲೇ ಇದ್ದಾರೆ. ಜೆಸ್ಕಾಂ ಸೆಕ್ಷನ್ ಆಫೀಸಿನವರು, ಪಾಲಿಟೆಕ್ನಿಕ್ ಲೆಕ್ಚರರ್‌ಗಳು, ಕಾಲುವೆ ನೋಡ್ಕೊಳೋ ನೀರಾವರಿಯವರು. ನಮ್ಮ ಕಡೆ ಮಕ್ಕಳಿಗೆ ಇಂಜಿನಿಯರ್ ಅಂದ್ರೆ ಎರಡೇ ಚಿತ್ರ, ಒಂದು ಕೊರಳಿಗೆ ಪಟ್ಟಿ ಹಾಕ್ಕೊಂಡ ಸಾಫ್ಟ್‌ವೇರ್‌ನವರು, ಇನ್ನೊಂದು ಜೀಪಲ್ಲಿ ಬಂದು ರಸ್ತೆ ಬಿಲ್ ಬರೆಯೋ ಸಾಹೇಬ್ರು. ಮೂರನೇ ಚಿತ್ರ ಬೇಕಲ್ಲ.

ನಿಮ್ಮ ಜಿಲ್ಲೆಗೆ ಆ ಚಿತ್ರ 2024ರಲ್ಲಿ ತಾನಾಗೇ ಬಂದಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಡ್ಯಾಮ್ ತುಂಬಿ ನಿಂತ ಟೈಮು. ಒಂದೇ ಕಡೆ ಒತ್ತಡ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ರು, ರೈತರು ಎರಡನೇ ಬೆಳೆ ಹೋಯ್ತಲ್ಲಪ್ಪಾ ಅಂತ ದಂಡೇಲಿ ನಿಂತು ನೋಡ್ತಿದ್ರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ ಕರೆಸಿದ್ರು, ವಯಸ್ಸಾದವರು, ಅವರ ಮಾರ್ಗದರ್ಶನದಲ್ಲಿ ನೀರು ಹರೀತಿರುವಾಗ್ಲೇ ಸ್ಟಾಪ್‌ಲಾಗ್ ಅಂತ ಕಬ್ಬಿಣದ ತುಂಡು ತುಂಡು ಗೇಟನ್ನ ಕ್ರೇನಲ್ಲಿ ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದ್ರು. ಕೆಲಸ ಮಾಡಿದವರು ವೆಲ್ಡರ್‌ಗಳು, ಕ್ರೇನ್ ಆಪರೇಟರ್‌ಗಳು, ಫಿಟ್ಟರ್‌ಗಳು, ಇಂಜಿನಿಯರ್‌ಗಳು ಎಲ್ಲಾ ಸೇರಿ. ಇದಕ್ಕಿಂತ ದೊಡ್ಡ ಪಾಠ ಯಾವ ಪಿಪಿಟೀಲಿ ಸಿಗುತ್ತೆ ಹೇಳಿ? ಮುನಿರಾಬಾದ್ ನಿಮ್ಮ ಜಿಲ್ಲೇಲೇ ಇದೆ. ನಿಮ್ಮ ಕ್ಲಾಸಲ್ಲಿ ಅವತ್ತು ಡ್ಯಾಮ್ ನೋಡೋಕೆ ಹೋಗಿದ್ದ ಮಕ್ಕಳು ಇದ್ದೇ ಇರ್ತಾರೆ, ಅವರಿಂದಾನೇ ಶುರು ಮಾಡ್ಸಿ.

ಬಂದವರು ಏನು ಮಾಡ್ಬೇಕು ಅಂದ್ರೆ, ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಹೊಡೆದು ನೀರು ತುಂಬೋದು ನಿಮಗೆ ಗೊತ್ತೇ ಇದೆ, ಕೆಳಗಿನ ತೂತಿನ ನೀರು ಜೋರಾಗಿ ಚಿಮ್ಮುತ್ತೆ. ಪಾಠದಲ್ಲಿ ಅಲ್ಲಿಗೇ ನಿಲ್ಲುತ್ತೆ. ಇಂಜಿನಿಯರ್ ಅಲ್ಲಿಂದ ಶುರು ಮಾಡ್ಲಿ: ಹಾಗಾದ್ರೆ ಡ್ಯಾಮಿನ ಗೋಡೆ ಕೆಳಗೆ ಯಾಕೆ ದಪ್ಪ? ಗೇಟು ಇರೋದು ಮೇಲೆ ಯಾಕೆ? ಚೈನ್ ಎಷ್ಟು ಭಾರ ತಡೀಬೇಕು, ಅದು ಸವೆದಿದೆ ಅಂತ ನೀರೊಳಗೆ ಯಾರು ನೋಡ್ತಾರೆ? ಕೊನೇ ಪ್ರಶ್ನೆಗೆ ದೊಡ್ಡವರಿಗೂ ಬೆವರು ಬರುತ್ತೆ ಅನ್ಸುತ್ತೆ.

ಒಂದು ಮಾತು, ಅವರು ಕ್ಲಾಸಲ್ಲಿದ್ದಾಗ ನೀವು ಸ್ಟಾಫ್ ರೂಮಿಗೆ ಹೋಗ್ಬೇಡಿ ಸರ್. ಸೋಮವಾರ ಮಕ್ಕಳು ಮುಂದಿನ ಪ್ರಶ್ನೆ ಕೇಳೋದು ನಿಮ್ಮನ್ನೇ.

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಇಂಗ್ಲೆಂಡಿನ ರೀಡಿಂಗ್‌ನಲ್ಲಿ ರೈಲ್ವೆ ಸಿಗ್ನಲಿಂಗ್ ಕೆಲಸ. ಇಲ್ಲಿ ಸ್ಟೆಮ್ ಅಂಬಾಸಡರ್ ಅಂತ ಸ್ವಯಂಸೇವಕ ವ್ಯವಸ್ಥೆ ಇದೆ, ಅದರ ಮೂಲಕ ಶಾಲೆಗಳಿಗೆ ಹೋಗ್ತೀನಿ. ಇಲ್ಲಿ ಮಕ್ಕಳು ಇಂಜಿನಿಯರ್ ಅಂದ್ರೆ ಮನೆ ಬಾಯ್ಲರ್ ರಿಪೇರಿಗೆ ಬರೋರು ಅನ್ಕೋತಾರೆ. ರಜೆಗೆ ಊರಿಗೆ ಬಂದಾಗ ನಾನು ಓದಿದ ಶಾಲೇಲೂ ಮಾಡ್ಬೇಕು ಅಂತಾಸೆ, ನೇರವಾಗಿ ಹೋಗ್ಬಹುದಾ?
— ಓದುಗ, ರೀಡಿಂಗ್

ಉತ್ತರ: ಬನ್ನಿ, ಆದ್ರೆ "ನಾನು ಇಲ್ಲೇ ಓದಿದ್ದು" ಅಂತ ಗೇಟು ತಳ್ಕೊಂಡು ಹೋಗ್ಬೇಡಿ. ಮೊದಲೇ ಹೆಡ್ ಮಾಸ್ಟರ್‌ಗೆ ಪತ್ರ ಬರೀರಿ, ಅವರು ಬಿಇಓ ಆಫೀಸಿಗೆ ತಿಳಿಸೋದಿದ್ರೆ ತಿಳಿಸ್ತಾರೆ. ಕೇಂದ್ರ ಸರ್ಕಾರದ ವಿದ್ಯಾಂಜಲಿ ಅಂತ ಪೋರ್ಟಲ್ ಕೂಡ ಇದೆ, ಶಾಲೆಗೆ ಸ್ವಯಂಸೇವಕರಾಗಿ ಬರೋರಿಗೇ ಮಾಡಿದ್ದು.

ಅಲ್ಲಿ ನೀವು ಮಕ್ಕಳ ಹತ್ರ ಹೋಗೋ ಮುಂಚೆ ಡಿಬಿಎಸ್ ಅಂತ ಹಿನ್ನೆಲೆ ತಪಾಸಣೆ ಆಗಿರುತ್ತಲ್ಲ. ನಮ್ಮಲ್ಲಿ ಬರೋ ಅತಿಥಿಗಳಿಗೆ ಅಂಥ ಅಭ್ಯಾಸ ಅಷ್ಟಾಗಿ ಇಲ್ಲ, ಕಾಫಿ ಕೊಟ್ಟು ಶಾಲು ಹೊದಿಸ್ತಾರೆ. ನೀವು ಮಾತ್ರ ಅಲ್ಲಿನ ಶಿಸ್ತು ಇಲ್ಲೂ ಇಟ್ಕೊಳಿ. ಟೀಚರ್ ಇಲ್ಲದ ಕ್ಲಾಸಲ್ಲಿ ಒಬ್ರೇ ಇರ್ಬೇಡಿ, ಮಕ್ಕಳ ಫೋನ್ ನಂಬರ್ ತಗೋಬೇಡಿ, ಫೋಟೋನ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಬೇಡಿ. ಮಕ್ಕಳ ಮುಖ ನಿಮ್ಮ ಒಳ್ಳೇತನದ ಸರ್ಟಿಫಿಕೇಟ್ ಅಲ್ಲ.

ಸಿಗ್ನಲ್ ಕೆಲಸ ಅಂದ್ರಿ, ಅದಂತೂ ಚಿನ್ನ. ಎರಡು ರೈಲು ಒಂದೇ ಹಳಿಗೆ ಬರದ ಹಾಗೆ ನೋಡ್ಕೊಳೋದು ಹೆಂಗೆ ಅಂತ ಶಾಲೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನೇ ರೈಲು ಮಾಡಿ ಆಡ್ಸಿ. ಒಂದು ಬೆತ್ತ ಇಟ್ಕೊಳಿ, ಬೆತ್ತ ಕೈಲಿದ್ದ ರೈಲಿಗೆ ಮಾತ್ರ ಆ ಹಳಿ ಮೇಲೆ ಹೋಗೋ ಹಕ್ಕು. ಒಂಟಿ ಹಳಿಯಲ್ಲಿ ಟೋಕನ್ ಕೊಟ್ಟು ಬಿಡ್ತಿದ್ದಿದ್ದು ಇದೇ ಲೆಕ್ಕದಲ್ಲಿ ತಾನೆ.

ಪ್ರಶ್ನೆ: ನಮ್ಮ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಅವಳ ಶಾಲೆಗೆ ಒಬ್ರು ಲೇಡಿ ಇಂಜಿನಿಯರ್ ಬಂದು ಹೋದ್ಮೇಲೆ ನಾನೂ ಅದೇ ಆಗ್ತೀನಿ ಅಂತ ಹಿಡ್ಕೊಂಡಿದ್ದಾಳೆ. ನಮ್ಮ ಯಜಮಾನ್ರು ಹೆಣ್ಮಕ್ಕಳಿಗೆ ಅದೆಲ್ಲ ಯಾಕೆ, ಫೀಸು ಎಲ್ಲಿಂದ ತರೋದು ಅಂತಾರೆ. ಬಂದೋರು ಆಸೆ ಹುಟ್ಸಿ ಹೋದ್ರು, ಈಗ ನಾವೇನ್ ಮಾಡೋದಕ್ಕ?
— ಓದುಗರು, ಚಳ್ಳಕೆರೆ

ಉತ್ತರ: ತಂಗೀ, ನಿನ್ನ ಪತ್ರದ ಕೊನೇ ಸಾಲನ್ನ ಎಲ್ಲಾ ಇಂಜಿನಿಯರ್‌ಗಳಿಗೂ ಓದಿಸ್ಬೇಕು. ಆಸೆ ಹುಟ್ಸಿದವರು ದಾರೀನೂ ಹೇಳಿ ಹೋಗ್ಬೇಕು. ಅವರು ಹೇಳದಿದ್ರೆ ನಾನು ಹೇಳ್ತೀನಿ.

ಎಸ್ಸೆಸ್ಸೆಲ್ಸಿ ಆದ್ಮೇಲೆ ಎರಡು ದಾರಿ. ಒಂದು ಪಿಯು ಸೈನ್ಸ್ ಮಾಡಿ ಸಿಇಟಿ ಬರೆಯೋದು. ಅದ್ರಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ ಓದಿದವರಿಗೆ 5%, ಗ್ರಾಮೀಣ ಶಾಲೇಲಿ ಓದಿದವರಿಗೆ 15% ಸೀಟು ಮೀಸಲಿರುತ್ತೆ, ಶಾಲೆಯಿಂದ ಸರ್ಟಿಫಿಕೇಟ್ ಈಗ್ಲೇ ಸರಿಯಾಗಿ ಇಟ್ಕೊಳಿ, ಕೊನೇ ಗಳಿಗೇಲಿ ಓಡಾಡೋರು ಬಹಳ ಜನ. ಇನ್ನೊಂದು ದಾರಿ ಹತ್ತಾದ ತಕ್ಷಣ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ. ಫೀಸು ಕಮ್ಮಿ, ಮುಗಿದ ತಕ್ಷಣ ಕೆಲಸಕ್ಕೂ ಹೋಗ್ಬಹುದು, ಇಲ್ಲಾಂದ್ರೆ ಡಿಪ್ಲೊಮಾದವರಿಗಿರೋ ಡಿಸಿಇಟಿ ಪರೀಕ್ಷೆ ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ ಸೇರ್ಬಹುದು. ಯಜಮಾನ್ರಿಗೆ ಈ ಎರಡನೇದನ್ನ ಹೇಳಿ ನೋಡು, ಮೂರು ವರ್ಷಕ್ಕೊಂದು ನಿಲ್ದಾಣ ಇದೆ ಅಂದ್ರೆ ಅಪ್ಪಂದಿರಿಗೆ ಧೈರ್ಯ ಬರುತ್ತೆ. ಹೆಣ್ಮಕ್ಕಳಿಗೆ ಅಂತಾನೇ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50,000 ರೂಪಾಯಿ, ಡಿಪ್ಲೊಮಾಗೂ ಉಂಟು ಬಿಇಗೂ ಉಂಟು. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿರ್ಬೇಕು, ಎಲ್ಲರಿಗೂ ಸಿಗಲ್ಲ, ಅರ್ಜಿ ಹಾಕಿದ ಮೇಲೆ ಆಯ್ಕೆ ಮಾಡ್ತಾರೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಸ್ಕಾಲರ್‌ಶಿಪ್‌ಗಳು ಬೇರೆ.

ಹೆಣ್ಮಕ್ಕಳಿಗೆ ಯಾಕೆ ಅನ್ನೋ ಮಾತಿಗೆ ನಂಜನಗೂಡಿನ ಹೆಸರು ಹೇಳು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಹೆಸರಾದ ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದ್ದು ಅಲ್ಲೇ. ಅವರಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸೀಮೇಲಿ ಡಿಗ್ರಿ ಮಾಡಿದ ಮೊದಮೊದಲ ಹೆಂಗಸರಲ್ಲಿ ಒಬ್ರು. ಮೊಮ್ಮಗಳು ಅಮೆರಿಕಕ್ಕೆ ಹೋಗಿ ಓದಿ ಬಂದು, ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಪಾಠ ಮಾಡಿದ್ರು. ಮೊಮ್ಮಗಳ ಹಿಂದೆ ಓದಿದ ಅಜ್ಜಿ ಇದ್ರು, ನಿನ್ನ ಮಗಳ ಹಿಂದೆ ಪತ್ರ ಬರೆದ ಅಮ್ಮ ಇದ್ದಾಳೆ, ಸಾಕು.

ಇನ್ನೊಂದು, ನಿಮ್ಮ ಚಳ್ಳಕೆರೆ ಈಗ ಸಾಮಾನ್ಯ ಊರಲ್ಲ. ಡಿಆರ್‌ಡಿಓದವರು ಪೈಲಟ್ ಇಲ್ಲದ ವಿಮಾನ ಹಾರಿಸಿ ಪರೀಕ್ಷೆ ಮಾಡೋ ಜಾಗ ಅಲ್ಲಿದೆ, ಐಐಎಸ್‌ಸಿ ಎರಡನೇ ಕ್ಯಾಂಪಸ್ ಅಲ್ಲಿದೆ, ಅಲ್ಲಿ ಶಾಲಾ ಮೇಷ್ಟ್ರುಗಳಿಗೆ ಟ್ರೇನಿಂಗ್ ಕೂಡ ಕೊಡ್ತಾರೆ. ಮಗಳ ವಿಜ್ಞಾನದ ಟೀಚರ್ ಹೋಗಿದ್ದಾರಾ ಕೇಳು.

ಪ್ರಶ್ನೆ: ಬೀದಿಗೆ ಹತ್ತು ಜನ ಇಂಜಿನಿಯರ್ ಕೆಲಸ ಇಲ್ದೆ ಕೂತಿದ್ದಾರೆ, ನಮ್ಮಣ್ಣನ ಮಗ ಬಿಇ ಮಾಡಿ ಪಾರ್ಸಲ್ ಡೆಲಿವರಿ ಮಾಡ್ತಾನೆ. ಇನ್ನೂ ಮಕ್ಕಳನ್ನ ಅದೇ ಬಾವಿಗೆ ತಳ್ಳೋಕೆ ಶಾಲೆಗೆ ಬೇರೆ ಹೋಗ್ಬೇಕಾ?
— ಓದುಗ, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ, ವಾದ ಮಾಡಲ್ಲ. ಕಾಲೇಜು ಮಾರೋಕೆ ಶಾಲೆಗೆ ಬರೋರು ಇದ್ದಾರೆ, ಕೈಲಿ ಬ್ರೋಷರ್ ಇರುತ್ತೆ, ಅವರನ್ನ ಒಳಗೆ ಬಿಡಬಾರದು. ನಾನು ಹೇಳ್ತಿರೋದು ಅವರ ವಿಷಯ ಅಲ್ಲ. ನಿಮ್ಮಣ್ಣನ ಮಗನಿಗೆ ಎಂಟನೇ ಕ್ಲಾಸಲ್ಲಿ ಯಾರಾದ್ರೂ ಬಂದು ಈ ಕೆಲಸದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡ್ತಾರೆ, ಯಾವುದು ಬೇಜಾರು, ಯಾರಿಗೆ ಒಗ್ಗಲ್ಲ ಅಂತ ಹೇಳಿದ್ರೆ ಅವನು ಬೇರೆ ದಾರಿ ಹಿಡೀತಿದ್ನೋ ಏನೋ. ನಾನು ಹೋದಲ್ಲೆಲ್ಲ ಐಟಿಐ, ಜಿಟಿಟಿಸಿ (ಟೂಲ್ ಮೇಕಿಂಗ್ ಕಲಿಸೋ ಸರ್ಕಾರಿ ಕೇಂದ್ರ) ಹೆಸರು ಹೇಳ್ತೀನಿ, ಒಳ್ಳೆ ಟೂಲ್ ಮೇಕರ್‌ನ ಫ್ಯಾಕ್ಟರಿಗಳು ಬಿಡಲ್ಲ. ಕೊನೆಗೆ ಒಂದು ಹುಡುಗಿ "ನಂಗೆ ಇದು ಬೇಡ ಮಿಸ್, ನಾನು ನರ್ಸ್ ಆಗ್ತೀನಿ" ಅಂದ್ರೆ ಅವತ್ತಿನ ಕ್ಲಾಸು ದಂಡ ಅಂತ ನನಗನ್ಸಲ್ಲ. ಆ ಹುಡುಗನಿಗೆ ನನ್ನ ನಮಸ್ಕಾರ ಹೇಳಿ, ದುಡಿದು ತಿನ್ನೋದ್ರಲ್ಲಿ ಏನೂ ಕಮ್ಮಿ ಇಲ್ಲ.

ಪ್ರಶ್ನೆ: ಮಿಸ್, ನಾನು 8ನೇ ತರಗತಿ. ಹೋದ ವರ್ಷ ನಮ್ಮ ಶಾಲೆಗೆ ಒಬ್ರು ಇಂಜಿನಿಯರ್ ಸಾರ್ ಬಂದಿದ್ರು. ವಿಶ್ವೇಶ್ವರಯ್ಯನವರು ತಾನಾಗೇ ತೆಗೆಯೋ ಗೇಟು ಕಂಡುಹಿಡಿದ್ರು ಅಂದ್ರು. ಹೆಂಗೆ ಅಂತ ಕೇಳಿದ್ದಕ್ಕೆ ಮುಂದಿನ ತಿಂಗಳು ಬಂದು ಹೇಳ್ತೀನಿ ಅಂದ್ರು. ಬರ್ಲೇ ಇಲ್ಲ. ಅವರಿಗೆ ಪತ್ರ ಬರೀಬಹುದಾ?
— ವಿದ್ಯಾರ್ಥಿ, ಪಾಂಡವಪುರ ತಾಲ್ಲೂಕು

ಉತ್ತರ: ಖಂಡಿತ ಬರಿ ಮಗಾ, ಹೆಡ್ ಮಾಸ್ಟರ್ ಕೈಲಿ ಕೊಟ್ಟು ಅವರ ಆಫೀಸಿಗೆ ಕಳಿಸು. ಆದ್ರೆ "ಯಾವಾಗ ಬರ್ತೀರಾ" ಅಂತ ಬರೀಬೇಡ, ದೊಡ್ಡವರು ಅದಕ್ಕೆ ಉತ್ತರ ಕೊಡಲ್ಲ. ಒಂದು ಚಿತ್ರ ಕಳಿಸು. ಹೆಂಗೆ ಅಂತ ಹೇಳ್ತೀನಿ.

ನಿಮ್ಮನೇಲೋ ಶಾಲೇಲೋ ನೀರಿನ ಟ್ಯಾಂಕಿನೊಳಗೆ ಒಂದು ಪ್ಲಾಸ್ಟಿಕ್ ಚೆಂಡು ಕಂಬಿಗೆ ಸಿಕ್ಕಿಸಿರ್ತಾರೆ, ನೋಡಿದ್ಯಾ? (ದೊಡ್ಡವರ ಜೊತೆ ಹತ್ತಿ ನೋಡು, ಒಬ್ನೇ ಹತ್ಬೇಡ.) ನೀರು ಮೇಲೆ ಬಂದ ಹಾಗೆ ಚೆಂಡು ಮೇಲೇಳುತ್ತೆ, ನಲ್ಲಿ ಮುಚ್ಕೊಳುತ್ತೆ. ಯಾರೂ ಮುಟ್ಟಲ್ಲ, ಕರೆಂಟೂ ಬೇಡ. ಪುಣೆ ಹತ್ರದ ಖಡಕ್‌ವಾಸ್ಲಾ ಡ್ಯಾಮಲ್ಲಿ 1903ರಲ್ಲಿ ಹಾಕಿದ ವಿಶ್ವೇಶ್ವರಯ್ಯನವರ ಗೇಟು ಇದರ ತಿರುವುಮುರುವು ಅನ್ಕೋ: ನೀರು ಒಂದು ಮಟ್ಟ ಮೀರಿದ್ರೆ ಆ ನೀರಿನ ಬಲದಿಂದಾನೇ ಗೇಟು ತೆರ್ಕೊಳುತ್ತೆ, ಇಳಿದ್ರೆ ಮತ್ತೆ ಮುಚ್ಕೊಳುತ್ತೆ.

ಈಗ ನಿನ್ನ ಕೆಲಸ. ಚೆಂಡು ಮೇಲೆ ಹೋದಾಗ ಬಾಗಿಲು ಮುಚ್ಚೋ ಬದಲು ತೆರೀಬೇಕು ಅಂದ್ರೆ ಹಗ್ಗ ಎಲ್ಲಿ ಕಟ್ಬೇಕು, ರಾಟೆ ಎಲ್ಲಿಡ್ಬೇಕು, ಇನ್ನೊಂದು ತುದೀಲಿ ಎಷ್ಟು ಭಾರ ತೂಗ್ಬೇಕು? ಬರಿ, ಅಳಿಸು, ತಪ್ಪಾದ್ರೂ ಪರ್ವಾಗಿಲ್ಲ. ಅದನ್ನ ಆ ಸಾರ್‌ಗೆ ಕಳಿಸಿ "ಇದು ಕೆಲಸ ಮಾಡುತ್ತಾ ಸಾರ್" ಅಂತ ಒಂದೇ ಸಾಲು ಬರಿ. ಇಂಜಿನಿಯರ್‌ಗೆ ತಪ್ಪು ಡ್ರಾಯಿಂಗ್ ಕಂಡ್ರೆ ಸುಮ್ನಿರೋಕೆ ಆಗಲ್ಲ, ಬಂದೇ ಬರ್ತಾರೆ. ಇನ್ನೊಂದು ಪ್ರತಿ ಪತ್ರಿಕೆ ವಿಳಾಸಕ್ಕೆ ನನಗೂ ಹಾಕು.